ಮನೆಯಲ್ಲೇ ಮಾಡಿದ ಗಾಳಿಯಂತ್ರದ ಅಯಸ್ಕಾಂತ ಎಂದಿಗೂ ಕೆಡುವುದಿಲ್ಲವೇ?

ಹೇಳಿಕೆ: ಮನೆಯಲ್ಲೇ ಸಣ್ಣ ಗಾಳಿಯಂತ್ರ ಮಾಡಿಕೊಳ್ಳುವ ವಿಡಿಯೊಗಳ ಜೊತೆ ಇಂಥ ಮಾತು ಓಡಾಡುತ್ತಿರುತ್ತದೆ: "ಅಯಸ್ಕಾಂತ ಸವೆಯುವುದಿಲ್ಲ. ಒಮ್ಮೆ ಕೂರಿಸಿದರೆ ಜೀವನಪೂರ್ತಿ ಕರೆಂಟ್. ತುಕ್ಕಿನ ಭಯವಿದ್ದರೆ ಒಂದು ಕೋಟ್ ಪೇಂಟ್ ಸಾಕು."

ಚುಟುಕಾಗಿ: ಇದು ಅರ್ಧ ಸತ್ಯ. ಅಯಸ್ಕಾಂತದ ಶಕ್ತಿ ತಾನಾಗಿ ಬೇಗ ಕುಗ್ಗುವುದಿಲ್ಲ, ನಿಜ. ಆದರೆ ಈ ಯಂತ್ರಗಳಲ್ಲಿ ಹೆಚ್ಚಾಗಿ ಬಳಸುವ ನಿಯೋಡಿಮಿಯಂ ಅಯಸ್ಕಾಂತದ ಒಳಕ್ಕೆ ನೀರು ಸೇರಿದರೆ ಅದು ಪುಡಿಯಾಗುತ್ತದೆ.

ಈ ನಂಬಿಕೆ ಎಲ್ಲಿಂದ ಬಂತು?

ಹಳೆಯ ರೇಡಿಯೊ ಬಿಚ್ಚಿದವರು ಸ್ಪೀಕರಿನ ಕಪ್ಪು ಬಳೆಯಂಥ ಅಯಸ್ಕಾಂತವನ್ನು ನೋಡಿರುತ್ತೀರಿ. ಮಳೆಯಲ್ಲಿ ಬಿದ್ದಿದ್ದರೂ ಅದಕ್ಕೇನೂ ಆಗದು. ಅದು ಫೆರೈಟ್. ಕಬ್ಬಿಣದ ಆಕ್ಸೈಡಿನಿಂದಲೇ ಮಾಡಿದ್ದರಿಂದ ಅದರಲ್ಲಿ ಮತ್ತೆ ತುಕ್ಕು ಹಿಡಿಯಲು ಏನೂ ಉಳಿದಿಲ್ಲ.

ನಿಯೋಡಿಮಿಯಂನದು ಬೇರೆಯೇ ಜಾತಿ. 1980ರ ದಶಕದ ಆರಂಭದಲ್ಲಿ ಜಪಾನಿನ ಮಸಾಟೊ ಸಗಾವ ಮತ್ತು ಅಮೆರಿಕದ ಜನರಲ್ ಮೋಟರ್ಸ್ ಸಂಶೋಧಕರು ಬೇರೆಬೇರೆಯಾಗಿ ಕಂಡುಹಿಡಿದ ಇದರಲ್ಲಿ ಸುಮಾರು ಮೂರನೇ ಎರಡು ಪಾಲು ಕಬ್ಬಿಣ. ಲೋಹದ ಪುಡಿಯನ್ನು ಒತ್ತಿ, ಕಾಯಿಸಿ ಗಟ್ಟಿ ಮಾಡಿದ ಬಿಲ್ಲೆ ಇದು. ಕಾಳುಗಳ ನಡುವೆ ನಿಯೋಡಿಮಿಯಂ ಹೆಚ್ಚಿರುವ ತೆಳು ಪದರವಿದೆ. ತೇವ ಮೊದಲು ತಿನ್ನುವುದು ಅದನ್ನೇ. ಗಾರೆ ಕರಗಿದ ಗೋಡೆಯ ಕಲ್ಲುಗಳಂತೆ ಆಮೇಲೆ ಕಾಳುಗಳು ಉದುರುತ್ತವೆ. ಅದಕ್ಕೇ ಕಾರ್ಖಾನೆಯಲ್ಲೇ ನಿಕ್ಕಲ್-ತಾಮ್ರ-ನಿಕ್ಕಲ್ ಲೇಪನ ಕೊಡುತ್ತಾರೆ. ಅದು ಕೂದಲೆಳೆಗಿಂತಲೂ ತೆಳು. ಒಂದು ಗೀರು ಬಿದ್ದರೂ ನೀರಿಗೆ ದಾರಿಯಾಯಿತು.

ಅರಸೀಕೆರೆಯಲ್ಲಿ ಸಮುದ್ರವೇ ಇಲ್ಲವಲ್ಲ?

ಕಡಲಿನ ಉಪ್ಪುಗಾಳಿ ತುಕ್ಕನ್ನು ಜೋರು ಮಾಡುತ್ತದೆ. ಅರಸೀಕೆರೆ ಕರಾವಳಿಯಿಂದ ನೇರ ಅಳತೆಯಲ್ಲಿ ಸುಮಾರು 160 ಕಿ.ಮೀ. ದೂರ. ಆದರೆ ಉಪ್ಪಿಲ್ಲದ ನೀರೂ ಸಾಕು. ಇಲ್ಲಿ ಗಾಳಿ ಜೋರಾಗಿ ಬೀಸುವುದು ಮುಂಗಾರಿನ ಜೂನ್‌ನಿಂದ ಆಗಸ್ಟ್‌ವರೆಗೆ. ಸೋನೆ, ತೇವ ಇರುವುದೂ ಆಗಲೇ. ಅಂದರೆ ಯಂತ್ರ ಹೆಚ್ಚು ತಿರುಗುವ ಕಾಲದಲ್ಲೇ ಹೆಚ್ಚು ನೆನೆಯುತ್ತದೆ. ತೆಂಗಿನ ತೋಟದಲ್ಲಿ ಗಾಳಿ ಸಿಗಲು ಕಂಬ ಮರಗಳಿಗಿಂತ ಎತ್ತರವಿರಬೇಕು. ಹಾಗಾಗಿ ಇಳಿಸಿ ನೋಡುವ ಗೋಜಿಗೆ ಯಾರೂ ಹೋಗುವುದಿಲ್ಲ.

ಕೆಟ್ಟರೆ ಏನಾಗುತ್ತದೆ?

ಸ್ಕಾಟ್ಲೆಂಡಿನ ಹ್ಯೂ ಪಿಗಟ್ ಅವರ ಪುಸ್ತಕಗಳಿಂದ ಹಲವು ದೇಶಗಳಿಗೆ ಹರಡಿದ ಮಾದರಿಯಲ್ಲಿ ಎರಡು ಉಕ್ಕಿನ ತಟ್ಟೆಗಳ ಮೇಲೆ ಅಯಸ್ಕಾಂತ, ನಡುವೆ ತಾಮ್ರದ ಸುರುಳಿ. ಮಧ್ಯದ ಸಂದು ಕೆಲವೇ ಮಿ.ಮೀ. ತುಕ್ಕಿಗೆ ಲೋಹಕ್ಕಿಂತ ಹೆಚ್ಚು ಜಾಗ ಬೇಕು. ಬಿಲ್ಲೆ ಊದಿ, ಮೇಲಿನ ರೆಸಿನ್ ಉಬ್ಬಿ ಸುರುಳಿಗೆ ಉಜ್ಜುತ್ತದೆ. ಖರ್ಚು ಮಾಡಿ ಸುತ್ತಿದ ಸುರುಳಿ ಹಾಳು. ಅದಕ್ಕಿಂತ ದೊಡ್ಡ ಅಪಾಯವೆಂದರೆ, ತಿರುಗುವ ತಟ್ಟೆಯಿಂದ ಬಿಲ್ಲೆ ಕಳಚಿ ಹಾರಬಹುದು. ಕೆಳಗೆ ಜನ, ದನ ಓಡಾಡುತ್ತಿರುತ್ತವೆ.

ಏನು ಮಾಡಬೇಕು?

• ಲೇಪನ ಕಿತ್ತುಬಂದ ಬಿಲ್ಲೆ ಕೊಳ್ಳಬೇಡಿ. ಕೊರೆಯಬೇಡಿ, ಉಜ್ಜಬೇಡಿ. ಲೇಪನ ಹೋಗುವುದಲ್ಲದೆ ಆ ಪುಡಿಗೆ ಬೆಂಕಿಯೂ ಹತ್ತಬಹುದು.

• ಉಕ್ಕಿನ ತಟ್ಟೆಯನ್ನು ಗ್ಯಾಲ್ವನೈಸ್ ಮಾಡಿಸುವುದಾದರೆ ಅಯಸ್ಕಾಂತ ಕೂರಿಸುವ ಮೊದಲೇ ಮಾಡಿಸಿ. ಕರಗಿದ ಸತುವಿನ ಬಿಸಿ ಸುಮಾರು 450 ಡಿಗ್ರಿ ಸೆಲ್ಸಿಯಸ್. ಸಾಮಾನ್ಯ ದರ್ಜೆಯ ನಿಯೋಡಿಮಿಯಂ 80 ಡಿಗ್ರಿ ದಾಟಿದರೇ ಶಕ್ತಿ ಕಳೆದುಕೊಳ್ಳತೊಡಗುತ್ತದೆ.

• ಜಿಡ್ಡು ಒರೆಸಿ, ಪೂರ್ತಿ ಒಣಗಿಸಿ, ಬಿಲ್ಲೆಯ ಅಂಚು-ಮೂಲೆಗಳಿಗೂ ಎಪಾಕ್ಸಿ ಬಳಿಯಿರಿ. ಆಮೇಲೆ ರೆಸಿನ್ ಹುಯ್ಯಿರಿ. ಅಗ್ಗದ ಪಾಲಿಯೆಸ್ಟರ್ ರೆಸಿನ್ ಗಟ್ಟಿಯಾಗುವಾಗ ಕುಗ್ಗಿ ಸಂದು ಬಿಡುತ್ತದೆ. ವಿನೈಲ್ ಎಸ್ಟರ್ ಅಥವಾ ಎಪಾಕ್ಸಿ ಮೇಲು.

• ತಟ್ಟೆಯ ಹೊರ ಅಂಚಿಗೆ ಸ್ಟೇನ್‌ಲೆಸ್ ಸ್ಟೀಲ್ ಪಟ್ಟಿ ಬಿಗಿಯಿರಿ. ಬಿಲ್ಲೆ ಸಡಿಲವಾದರೂ ಹಾರುವುದಿಲ್ಲ.

• ಪ್ರತಿ ವರ್ಷ ಮುಂಗಾರಿಗೆ ಮೊದಲು ಇಳಿಸಿ ನೋಡಿ. ಕಂದು ಕಲೆ, ಉಬ್ಬು, ಬಿರುಕು ಕಂಡರೆ, ಕೈಯಲ್ಲಿ ತಿರುಗಿಸಿದಾಗ ಉಜ್ಜುವ ಸದ್ದು ಬಂದರೆ ಮತ್ತೆ ಏರಿಸಬೇಡಿ.

ಪೇಂಟ್, ಟೇಪ್, ಎಣ್ಣೆ ಸಾಲದೇ?

ಸಾಲದು. ಉಬ್ಬಿದ ಮೇಲೆ ಪೇಂಟ್ ಹೊಡೆದರೆ ತುಕ್ಕು ಕಣ್ಣಿಗೆ ಕಾಣದಂತೆ ಒಳಗೇ ಬೆಳೆಯುತ್ತದೆ. ಟೇಪಿನಡಿ ನೀರು ನಿಲ್ಲುತ್ತದೆ. ಎಣ್ಣೆ ಸವರಿದ ಜಾಗಕ್ಕೆ ಎಪಾಕ್ಸಿ ಹಿಡಿಯುವುದಿಲ್ಲ.

ಇಷ್ಟೆಲ್ಲ ಕಾಳಜಿ ಆಗದು ಎನ್ನುವವರಿಗೆ ಫೆರೈಟ್ ಇದೆ. ಆದರೆ ಅಷ್ಟೇ ಗಾತ್ರಕ್ಕೆ ಅದರ ಕಾಂತಶಕ್ತಿ ಹತ್ತನೇ ಒಂದರಷ್ಟು, ಹಾಗಾಗಿ ಯಂತ್ರ ದೊಡ್ಡದೂ ಭಾರವೂ ಆಗುತ್ತದೆ.

"ಜೀವನಪೂರ್ತಿ ಕರೆಂಟ್" ವಿಡಿಯೊ ನಿಮ್ಮ ಗ್ರೂಪಿಗೂ ಬಂದರೆ ಒಂದು ಸಾಲು ಸೇರಿಸಿ ಕಳಿಸಿ: ಅಯಸ್ಕಾಂತಕ್ಕೆ ನೀರು ತಾಗದಂತೆ ನೋಡಿಕೊಳ್ಳಿ, ವರ್ಷಕ್ಕೊಮ್ಮೆ ಇಳಿಸಿ ನೋಡಿ.