ರೆಸ್ಯೂಮೆ ಅಂದ್ರೆ ಜಾತಕ ಅಲ್ಲ

ಹೊಸ ಫೋನ್ ಕೊಳ್ಳುವಾಗ ನಮ್ಮ ವಿಚಾರಣೆ ಮುಗಿಯುವುದೇ ಇಲ್ಲ. ಕ್ಯಾಮೆರಾ ಹೇಗಿದೆ, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಇನ್ನೊಂದು ತಿಂಗಳು ಕಾದರೆ ರೇಟ್ ಇಳಿಯುತ್ತದಾ? ಅದೇ ಫೋನಿನಿಂದ ಆಧಾರ್, ಪ್ಯಾನ್, ಮಾರ್ಕ್ಸ್ ಕಾರ್ಡ್‌ಗಳ ಪಿಡಿಎಫ್ ಕಳಿಸುವಾಗ ಮಾತ್ರ ಪ್ರಶ್ನೆ ಕೇಳುವವರು ಕಡಿಮೆ. ಅದು ದಡ್ಡತನ ಅಲ್ಲ. ಕೆಲಸ ಬೇಕಾಗಿರುವುದು ನಮಗೆ, ಕೇಳುವ ಜಾಗದಲ್ಲಿ ಕೂತಿರುವವರು ಅವರು.

ಬಿ.ಕಾಂ. ಮುಗಿಸಿ ಬೆಂಗಳೂರಿನ ವಿಜಯನಗರದ ಪಿಜಿಯೊಂದರಲ್ಲಿದ್ದುಕೊಂಡು ಎಂಟು ತಿಂಗಳಿನಿಂದ ಕೆಲಸ ಹುಡುಕುತ್ತಿದ್ದೇನೆ. ಇಲ್ಲಿ ಕೋಚಿಂಗ್ ಸೆಂಟರ್‌ಗಳ ಪಕ್ಕದಲ್ಲೇ ಜೆರಾಕ್ಸ್ ಅಂಗಡಿಗಳು. ಗೋಡೆಗೆ ಅಂಟಿಸಿದ ನಂಬರಿಗೆ ಫೈಲ್ ವಾಟ್ಸ್‌ಆ್ಯಪ್ ಮಾಡಿದರೆ ಎರಡು ನಿಮಿಷದಲ್ಲಿ ಪ್ರಿಂಟ್ ಕೈಗೆ. ಆಮೇಲೆ ನಾವು ‘ಡಿಲೀಟ್ ಫಾರ್ ಎವ್ರಿವನ್’ ಒತ್ತಿದರೆ ಚಾಟ್‌ನಿಂದ ಅಳಿಯುತ್ತದೆ, ಅಷ್ಟೇ. ಅಂಗಡಿಯ ಕಂಪ್ಯೂಟರಿನ ಡೌನ್‌ಲೋಡ್ಸ್ ಫೋಲ್ಡರಿಗೆ ಇಳಿದ ಪ್ರತಿ ಅಲ್ಲೇ ಉಳಿಯುತ್ತದೆ. ನಾನು ಹೋಗುವ ಅಂಗಡಿಯ ಅಣ್ಣ ಒಳ್ಳೆಯವರೇ. ಆದರೆ ಇಡೀ ದಿನ ರಶ್, ಅಳಿಸುವುದಕ್ಕೆ ಪುರುಸೊತ್ತೆಲ್ಲಿ? ಹಾಗಾಗಿ ದುಡ್ಡು ಕೊಡುವ ಮುಂಚೆ ‘ಅಣ್ಣಾ, ಆ ಫೈಲ್ ಡಿಲೀಟ್ ಮಾಡ್ಬಿಡಿ, ರಿಸೈಕಲ್ ಬಿನ್‌ನಿಂದಾನೂ’ ಅನ್ನುತ್ತೇನೆ. ಮೊದಲ ದಿನ ನಕ್ಕರು. ಈಗ ಕೇಳುವ ಮುಂಚೆಯೇ ಅಳಿಸಿ ತೋರಿಸುತ್ತಾರೆ.

ಎಲ್ಲರೂ ಹಾಗಿರುವುದಿಲ್ಲ. ಹೋದ ತಿಂಗಳು ಒಂದು ಕನ್ಸಲ್ಟೆನ್ಸಿಯಲ್ಲಿ ಸಂದರ್ಶನಕ್ಕೆ ಮೊದಲೇ ನಾಲ್ಕು ಪುಟದ ಫಾರಂ ಕೊಟ್ಟರು. ಅಪ್ಪನ ಆದಾಯ, ಜಾತಿ, ಮದುವೆ ನಿಶ್ಚಯವಾಗಿದೆಯೇ, ಇನ್‌ಸ್ಟಾಗ್ರಾಂ ಹೆಸರು, ಆಧಾರ್ ಸಂಖ್ಯೆ ಎಲ್ಲ ಬೇಕಂತೆ. ‘ಇದೆಲ್ಲ ಯಾಕೆ ಮೇಡಂ?’ ಅಂದೆ. ‘ಎಲ್ರೂ ಕೊಡ್ತಾರಮ್ಮ, ನಿಮಗೊಬ್ಬರಿಗೇನು ಪ್ರಾಬ್ಲಂ?’ ಎಂದರು. ನಾನು ಮಾಸ್ಕ್ಡ್ ಆಧಾರ್ ಕೊಟ್ಟೆ. ಅದರಲ್ಲಿ 12 ಅಂಕಿಗಳ ಪೈಕಿ ಕೊನೆಯ ನಾಲ್ಕು ಮಾತ್ರ ಕಾಣುತ್ತವೆ. ‘ಪೂರ್ತಿ ನಂಬರ್ ಇಲ್ದಿದ್ರೆ ಆಗಲ್ಲ’ ಎಂದು ಫಾರಂ ವಾಪಸ್ ಮಾಡಿದರು. ಆ ಸಂದರ್ಶನ ತಪ್ಪಿತು. ಅದೇ ವಾರ ಇನ್ನೊಂದು ಕಚೇರಿಯಲ್ಲಿ ಅದೇ ಕಾಗದ ನೋಡಿ, ‘ಪರವಾಗಿಲ್ಲ, ಸೆಲೆಕ್ಟ್ ಆದ್ಮೇಲೆ ಒರಿಜಿನಲ್ ತನ್ನಿ’ ಎಂದರು. ಅಂದರೆ ಪೂರ್ತಿ ನಂಬರ್ ಇಲ್ಲದೆಯೂ ಸಂದರ್ಶನ ನಡೆಯುತ್ತದೆ!

‘ಮುಚ್ಚಿಡೋಕೆ ನಮ್ಹತ್ರ ಏನಿದೆ ಮಹಾ?’ ಎಂದು ರೂಮ್‌ಮೇಟ್ ಕೇಳುತ್ತಾಳೆ. ಮುಚ್ಚಿಡುವ ಮಾತಲ್ಲ ಇದು. ಯಾರಿಗೆ, ಯಾವುದಕ್ಕೆ, ಎಷ್ಟು ಎನ್ನುವುದನ್ನು ನಾವು ನಿರ್ಧರಿಸುವ ಮಾತು. ಈ ಹಕ್ಕಿಗೆ ನಮ್ಮ ರಾಜ್ಯದ ನಂಟೂ ಇದೆ. ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ ಕೆ.ಎಸ್. ಪುಟ್ಟಸ್ವಾಮಿ ಅವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಆಗ ಅವರಿಗೆ 86 ವರ್ಷ. ಅವರ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು.

2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರಲ್ಲೇ ಒಂದು ಉದಾಹರಣೆ ಇದೆ. ಫೋನ್ ಮೂಲಕ ವೈದ್ಯರ ಸಲಹೆ ಕೊಡಿಸುವ ಆ್ಯಪ್ ನಮ್ಮ ಕಾಂಟ್ಯಾಕ್ಟ್ ಪಟ್ಟಿಯನ್ನೂ ಕೇಳಿತು, ನಾವು ಒಪ್ಪಿದೆವು ಎಂದುಕೊಳ್ಳಿ. ಸಲಹೆ ಕೊಡಲು ಆ ಪಟ್ಟಿ ಬೇಕಿಲ್ಲವಾದ್ದರಿಂದ ಆ ಒಪ್ಪಿಗೆ ಅದಕ್ಕೆ ಅನ್ವಯಿಸುವುದಿಲ್ಲ. ಒಪ್ಪಿಗೆ ಕೇಳುವ ಬರಹವನ್ನು ಕನ್ನಡದಲ್ಲಿ ಓದುವ ಆಯ್ಕೆಯನ್ನೂ ಕಾಯ್ದೆ ಕೊಡುತ್ತದೆ. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಮುಖ್ಯ ಅಂಶಗಳ ಜಾರಿಗೆ 18 ತಿಂಗಳ ಕಾಲಾವಕಾಶ ಇದೆ. ಅಲ್ಲಿಯವರೆಗೂ ‘ಈ ಕೆಲಸಕ್ಕೆ ಈ ಮಾಹಿತಿ ಬೇಕಾ?’ ಎಂದು ಕೇಳಲು ಯಾರ ಅಪ್ಪಣೆಯೂ ಬೇಕಿಲ್ಲ.

ನಾನು ಪಾಲಿಸುವ ಕೆಲವು ಕ್ರಮಗಳು ಇವು. ರೆಸ್ಯೂಮೆಯಲ್ಲಿ ಹೆಸರು, ಮೊಬೈಲ್, ಇಮೇಲ್, ಊರು, ಓದು, ಅನುಭವ ಇಷ್ಟೇ. ಮನೆ ವಿಳಾಸ, ಹುಟ್ಟಿದ ದಿನಾಂಕ, ಅಪ್ಪನ ಹೆಸರು ತೆಗೆದಿದ್ದೇನೆ. ಕೆಲಸದ ಅರ್ಜಿಗೆಂದೇ ಬೇರೆ ಇಮೇಲ್ ಇಟ್ಟುಕೊಂಡಿದ್ದೇನೆ. ಮಾಸ್ಕ್ಡ್ ಆಧಾರ್ ಯುಐಡಿಎಐ ವೆಬ್‌ಸೈಟಿನಲ್ಲೇ ಸಿಗುತ್ತದೆ. ಯಾವ ಜೆರಾಕ್ಸ್ ಕೊಟ್ಟರೂ ಅದರ ಮೇಲೆ ಅಡ್ಡಡ್ಡವಾಗಿ ‘ಈ ಕಂಪನಿಯ ಸಂದರ್ಶನಕ್ಕೆ ಮಾತ್ರ’ ಎಂದು ಕಂಪನಿಯ ಹೆಸರು, ತಾರೀಖು ಸಮೇತ ಬರೆದು ಸಹಿ ಹಾಕುತ್ತೇನೆ. ಕಾಂಟ್ಯಾಕ್ಟ್, ಗ್ಯಾಲರಿ ಕೇಳುವ ಜಾಬ್ ಆ್ಯಪ್‌ಗೆ ‘ಡೋಂಟ್ ಅಲೋ’. ಕೇಂದ್ರ ಸರ್ಕಾರದ ‘ಸಂಚಾರ್ ಸಾಥಿ’ ಪೋರ್ಟಲ್‌ನಲ್ಲಿ ನಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಚಾಲ್ತಿಯಲ್ಲಿವೆ ಎಂದು ಉಚಿತವಾಗಿ ನೋಡಬಹುದು. ನಮ್ಮದಲ್ಲದ ನಂಬರ್ ಕಂಡರೆ ಅಲ್ಲೇ ದೂರು ಕೊಡಬಹುದು. ಕೆಲಸದ ಹೆಸರಲ್ಲಿ ದುಡ್ಡು ಕಿತ್ತುಕೊಂಡರೆ ತಡ ಮಾಡದೆ 1930ಕ್ಕೆ ಕರೆ ಮಾಡಿ.

ಇಷ್ಟೆಲ್ಲ ಮಾಡಿದರೂ ಫಾರಂ ವಾಪಸ್ ಬರುವ ಭಯ ಇದ್ದೇ ಇರುತ್ತದೆ, ನನಗೂ ಇದೆ. ಒಬ್ಬಳೇ ಕೇಳಿದರೆ ತಕರಾರಿನವಳು ಎನ್ನುತ್ತಾರೆ. ಕ್ಲಾಸಿನ ಅರವತ್ತು ಜನ ಕೇಳಿದರೆ ಹಾಗೆನ್ನಲು ಆಗುವುದಿಲ್ಲ. ನೀವಿನ್ನೂ ಕಾಲೇಜಿನಲ್ಲಿದ್ದರೆ ಆ ಅನುಕೂಲ ನಿಮಗಿದೆ. ಕ್ಯಾಂಪಸ್ ಸಂದರ್ಶನ ಶುರುವಾಗುವ ಮುಂಚೆ ಪ್ಲೇಸ್‌ಮೆಂಟ್ ಸರ್ ಹತ್ತಿರ ಎಲ್ಲರೂ ಸೇರಿ ಹೋಗಿ. ಆಯ್ಕೆಯಾಗುವವರೆಗೆ ಆಧಾರ್ ನಂಬರ್ ಬೇಡ, ಆಯ್ಕೆಯಾಗದವರ ಫೈಲ್ ಅಳಿಸಲಿ ಎಂದು ಕಂಪನಿಗಳಿಗೆ ಕಾಲೇಜಿನ ಲೆಟರ್‌ಹೆಡ್‌ನಲ್ಲೇ ಬರೆಯಲು ಕೇಳಿ.