ಅನ್ನನಾಳದ ಮೆಲನೋಮಾ: ಆಳವೇ ಹೇಳುವ ಭವಿಷ್ಯ

ಮೆಲನೋಮಾ ಎಂದೊಡನೆ ಚರ್ಮದ ಕ್ಯಾನ್ಸರ್ ನೆನಪಾಗುತ್ತದೆ. ಆದರೆ ಚರ್ಮಕ್ಕೆ ಬಣ್ಣ ಕೊಡುವ ಮೆಲನೋಸೈಟ್ ಕೋಶಗಳು ಕೆಲವರ ಅನ್ನನಾಳದ ಒಳಪೊರೆಯಲ್ಲೂ ಇರುತ್ತವೆ. ಬಿಸಿಲೇ ತಾಗದ ಆ ಜಾಗದಲ್ಲಿ ಅವು ಹದ್ದುಮೀರಿ ಬೆಳೆಯುವುದು ತೀರಾ ಅಪರೂಪ. ಅನ್ನನಾಳದ ಸಾವಿರ ಕ್ಯಾನ್ಸರ್‌ಗಳಲ್ಲಿ ಒಂದೋ ಎರಡೋ ಮಾತ್ರ ಈ ಬಗೆಯವು. ಅರವತ್ತರ ಆಸುಪಾಸಿನ ಗಂಡಸರಲ್ಲಿ ಇದು ಹೆಚ್ಚು.

ಊಟ ಗಂಟಲಿಳಿಯದೆ ಎದೆಯಲ್ಲಿ ಸಿಕ್ಕಿಕೊಂಡಂತಾಗುವುದೇ ಮುಖ್ಯ ಲಕ್ಷಣ. ಎಂಡೋಸ್ಕೋಪಿಯಲ್ಲಿ ಸಾಮಾನ್ಯವಾಗಿ ಕಪ್ಪನೆಯ ಗಡ್ಡೆ ಕಾಣುತ್ತದೆ. ಕೆಲವು ಗಡ್ಡೆಗಳಿಗೆ ಬಣ್ಣವೇ ಇರದು. ಆಗ ಬಯಾಪ್ಸಿಯ ಚೂರಿನಲ್ಲಿ ಎಸ್-100, ಎಚ್‌ಎಂಬಿ-45, ಮೆಲನ್-ಎ ಎಂಬ ಪ್ರೋಟೀನ್‌ಗಳನ್ನು ಹುಡುಕಬೇಕು. ಬೇರೆಡೆಯ ಮೆಲನೋಮಾ ಇಲ್ಲಿಗೆ ಹರಡಿಲ್ಲವೆಂದು ಖಚಿತಪಡಿಸಿಕೊಳ್ಳಲು ಚರ್ಮ, ಕಣ್ಣುಗಳನ್ನೂ ಪರೀಕ್ಷಿಸುತ್ತಾರೆ.

ಮುಂದಿನದು ಹಂತ ನಿರ್ಧಾರ. ಇಲ್ಲಿ ವೈದ್ಯರ ಕೈಯಲ್ಲಿರುವುದು ಎರವಲು ಅಳತೆಗೋಲು. ಚರ್ಮದ ಮೆಲನೋಮಾವನ್ನು ಮಿಲಿಮೀಟರ್ ದಪ್ಪದಲ್ಲಿ ಅಳೆಯುತ್ತಾರೆ. ಅನ್ನನಾಳದ ಪದರಗಳ ರಚನೆಯೇ ಬೇರೆ. ತಲೆ-ಕುತ್ತಿಗೆಯ ಲೋಳೆಪೊರೆಯ ಮೆಲನೋಮಾಕ್ಕಿರುವ ಪದ್ಧತಿಯಲ್ಲಿ ಒಂದನೇ, ಎರಡನೇ ಹಂತಗಳೇ ಇಲ್ಲ. ಗಡ್ಡೆ ಚಿಕ್ಕದಿದ್ದರೂ ರೋಗ ಉಗ್ರವೆಂದೇ ಎಣಿಕೆ. ಹೀಗಾಗಿ ಅನೇಕರು ಅನ್ನನಾಳದ ಸಾಮಾನ್ಯ ಕ್ಯಾನ್ಸರ್‌ನ ಟಿ, ಎನ್, ಎಂ ಪದ್ಧತಿಯನ್ನೇ ಬಳಸುತ್ತಾರೆ: ಗಡ್ಡೆ ಎಷ್ಟು ಆಳಕ್ಕಿಳಿದಿದೆ, ದುಗ್ಧಗ್ರಂಥಿಗಳನ್ನು ಮುಟ್ಟಿದೆಯೇ, ದೂರದ ಅಂಗಗಳಿಗೆ ಹೋಗಿದೆಯೇ.

ಈ ಮೂರರಲ್ಲಿ ಆಳದ ಪ್ರಶ್ನೆಗೆ ವಿಶೇಷ ತೂಕವಿದೆ. ಒಳಪೊರೆಯ ಕೆಳಗಿನ ಪದರದಲ್ಲಿ ದುಗ್ಧನಾಳಗಳ ದಟ್ಟ ಬಲೆ ಇದೆ. ಅಲ್ಲಿಗಿಳಿದ ಕೋಶಗಳಿಗೆ ಕುತ್ತಿಗೆಯಿಂದ ಹೊಟ್ಟೆಯವರೆಗೂ ದಾರಿ ತೆರೆಯುತ್ತದೆ. ಒಳಪೊರೆಯಲ್ಲೇ ಸಿಕ್ಕಿದ ರೋಗಕ್ಕೆ ಶಸ್ತ್ರಚಿಕಿತ್ಸೆ ದೀರ್ಘ ಬದುಕು ಕೊಡಬಲ್ಲದು. ಆದರೆ ಪತ್ತೆಯಾಗುವ ಹೊತ್ತಿಗೇ ಹಲವರಲ್ಲಿ ಅದು ಹರಡಿರುತ್ತದೆ. ಹಳೆಯ ವರದಿಗಳಲ್ಲಿ ಅರ್ಧದಷ್ಟು ರೋಗಿಗಳು ಸುಮಾರು ಒಂದು ವರ್ಷದೊಳಗೇ ತೀರಿಕೊಂಡಿದ್ದರು.

ಈ ಅಂಕಿಯನ್ನು ಎಚ್ಚರದಿಂದ ಓದಬೇಕು. ಅದು ಚದುರಿದ ಕೆಲವೇ ಪ್ರಕರಣಗಳಿಂದ ಬಂದದ್ದು. ಅವುಗಳಲ್ಲಿ ಬಹುಪಾಲು, ದೇಹದ ರೋಗನಿರೋಧಕ ಶಕ್ತಿಯನ್ನೇ ಬಳಸುವ ಇಮ್ಯುನೊಥೆರಪಿಗೆ ಮುಂಚಿನವು. 2014ರಲ್ಲಿ ಅಮೆರಿಕದಲ್ಲಿ ಮೆಲನೋಮಾಕ್ಕೆ ಅನುಮತಿ ಪಡೆದ ನಿವೊಲುಮ್ಯಾಬ್, ಪೆಂಬ್ರೊಲಿಜುಮ್ಯಾಬ್ ಔಷಧಿಗಳು ರೋಗನಿರೋಧಕ ಕೋಶಗಳ ಕಡಿವಾಣ ಬಿಚ್ಚುತ್ತವೆ. ಲೋಳೆಪೊರೆಯ ಮೆಲನೋಮಾದಲ್ಲಿ ಅವುಗಳ ಫಲ ಚರ್ಮದಲ್ಲಿನಷ್ಟಿಲ್ಲ. ಆದರೂ ಕೆಲವರಲ್ಲಿ ಗಡ್ಡೆ ಕುಗ್ಗಿ, ವರ್ಷಗಟ್ಟಲೆ ಹತೋಟಿಯಲ್ಲಿ ಉಳಿದಿದೆ.

ಹಾಗಾಗಿ ರೋಗಿಯ ಮನೆಯವರು "ಎಷ್ಟು ದಿನ?" ಎಂದು ಕೇಳುವ ಮೊದಲು ಆಳ, ದುಗ್ಧಗ್ರಂಥಿ, ಹರಡುವಿಕೆಗಳ ಬಗ್ಗೆ ಕೇಳಲಿ; ಗಡ್ಡೆಯ ಕಿಟ್, ಬಿರಾಫ್ ಎಂಬ ಜೀನ್‌ಗಳಲ್ಲಿ ಬದಲಾವಣೆ ಇದೆಯೇ ಎಂಬ ಪರೀಕ್ಷೆ ಆಗಿದೆಯೇ ಎಂದು ವಿಚಾರಿಸಲಿ. ಚಿಕಿತ್ಸೆಯ ಆಯ್ಕೆ ನಿಂತಿರುವುದು ಆ ಉತ್ತರಗಳ ಮೇಲೆ. ನುಂಗಲು ತೊಡಕಾಗುತ್ತಿರುವ ಯಾರೇ ಆಗಲಿ, ಆ್ಯಸಿಡಿಟಿ ಮಾತ್ರೆ ನುಂಗುತ್ತಾ ತಿಂಗಳು ಕಳೆಯದೆ ಎಂಡೋಸ್ಕೋಪಿ ಮಾಡಿಸಿಕೊಳ್ಳಬೇಕು.