ಜ್ಯಾಮರ್‌ಗೆ ಸಿಗದ ಸೇನಾ ರೇಡಿಯೊ

ಸೇನೆಯ ರೇಡಿಯೊ ಒಂದೇ ಆವರ್ತನದಲ್ಲಿ ನಿಂತು ಮಾತಾಡಿದರೆ ಅದನ್ನು ಕೆಡಿಸುವುದು ಸುಲಭ. ಶತ್ರು ಆ ಆವರ್ತನವನ್ನು ಪತ್ತೆಹಚ್ಚಿ ಅದರಲ್ಲೇ ಬಲವಾದ ಗದ್ದಲ ಬಿತ್ತರಿಸುತ್ತಾನೆ. ಮಾತು ಅದರಲ್ಲಿ ಮುಳುಗುತ್ತದೆ. ಇದೇ ಜ್ಯಾಮಿಂಗ್. ಪೆಟ್ಟು ಬೀಳುವುದು ಕಳಿಸುವವನಿಗಲ್ಲ, ಕೇಳುವವನಿಗೆ. ಸುರಪುರದಿಂದ ಯಾದಗಿರಿಗೆ ಹೊರಟ ಸಂದೇಶವನ್ನು ತಡೆಯಲು ಜ್ಯಾಮರ್ ಯಾದಗಿರಿಯ ಆಸುಪಾಸಿನಲ್ಲಿದ್ದರೆ ಸಾಕು. ಸೆಟ್ಟಿನ ಶಕ್ತಿ ಹೆಚ್ಚಿಸಿ ಇದನ್ನು ಗೆಲ್ಲೋಣವೆಂದರೆ, ಬೆನ್ನ ಮೇಲೆ ಬ್ಯಾಟರಿ ಹೊತ್ತು ನಡೆಯುವ ಸೈನಿಕನಿಗೆ ಅದು ಆಗದ ಮಾತು.

ಫ್ರೀಕ್ವೆನ್ಸಿ ಹಾಪಿಂಗ್ ಎಂಬ ತಂತ್ರ ಹಿಡಿದ ದಾರಿ ಬೇರೆ. ಕಳಿಸುವ ಮತ್ತು ಕೇಳುವ ಎರಡೂ ಸೆಟ್ಟುಗಳು ಸೆಕೆಂಡಿಗೆ ಹಲವು ಬಾರಿ ಒಟ್ಟಿಗೇ ಆವರ್ತನ ಬದಲಿಸುತ್ತವೆ. ಮುಂದಿನ ಜಿಗಿತ ಎಲ್ಲಿಗೆಂದು ತೀರ್ಮಾನಿಸುವುದು ಅವುಗಳಲ್ಲಿ ತುಂಬಿದ ರಹಸ್ಯ ಕೀಲಿ. ಯಾವಾಗ ಎಂದು ಹೇಳುವುದು ಒಂದಕ್ಕೊಂದು ಹೊಂದಿಸಿದ ಗಡಿಯಾರ. ಹೊರಗಿನವರಿಗೆ ಈ ಜಿಗಿತಕ್ಕೆ ತಲೆಬುಡ ಕಾಣುವುದಿಲ್ಲ.

ಅಮೆರಿಕದ ಸಿಂಕ್‌ಗಾರ್ಸ್ ರೇಡಿಯೊ 30ರಿಂದ 88 ಮೆಗಾಹರ್ಟ್ಸ್ ನಡುವಿನ 2,320 ಚಾನೆಲ್‌ಗಳಲ್ಲಿ ಸೆಕೆಂಡಿಗೆ ಸುಮಾರು 111 ಬಾರಿ ಜಿಗಿಯುತ್ತದೆ. ಅಷ್ಟೂ ಚಾನೆಲ್‌ಗಳನ್ನು ಮುಚ್ಚಹೊರಟ ಜ್ಯಾಮರ್‌ನ ಶಕ್ತಿ ಹಂಚಿಹೋಗಿ ಪ್ರತಿ ಚಾನೆಲ್‌ಗೂ ಅಲ್ಪವೇ ಉಳಿಯುತ್ತದೆ. ಕೆಲವನ್ನಷ್ಟೇ ಹಿಡಿದರೆ ಮಾತಿನ ಚೂರುಪಾರು ಮಾತ್ರ ಕೆಡುತ್ತದೆ. ಕಳಿಸಿದ್ದು ದತ್ತಾಂಶವಾದರೆ ತಪ್ಪು ತಿದ್ದುವ ಸಂಕೇತಗಳು ನಷ್ಟವನ್ನು ತುಂಬಿಕೊಡುತ್ತವೆ. ಇನ್ನುಳಿದದ್ದು ಬೆನ್ನಟ್ಟುವುದು. ಮಲಗಿದ ಬುದ್ಧನಂತೆ ಕಾಣುವ ಶಹಾಪುರದ ಗುಡ್ಡದಲ್ಲಿ ಜ್ಯಾಮರ್ ಕೂತಿದೆ ಎನ್ನೋಣ. ದೂರ ಅದಕ್ಕೆ ತೊಡಕಲ್ಲ, ರೇಡಿಯೊ ತರಂಗ ಒಂದು ಮಿಲಿಸೆಕೆಂಡಿನಲ್ಲಿ ಸುಮಾರು 300 ಕಿ.ಮೀ. ಓಡುತ್ತದೆ. ಆದರೆ ಒಂದು ಆವರ್ತನದಲ್ಲಿ ಸೆಟ್ಟು ನಿಲ್ಲುವುದೇ ಸುಮಾರು 9 ಮಿಲಿಸೆಕೆಂಡು. ಅಷ್ಟರಲ್ಲಿ ಹತ್ತಾರು ಸೆಟ್ಟುಗಳ ಸಂಕೇತಗಳ ನಡುವೆ ಬೇಕಾದುದನ್ನು ಗುರುತಿಸಿ ದಾಳಿ ಮಾಡಬೇಕು. ಜಿಗಿತದ ವೇಗ ಏರಿದಷ್ಟೂ ಈ ಕೆಲಸ ಕಠಿಣ.

1942ರಲ್ಲಿ ಚಿತ್ರನಟಿ ಹೆಡಿ ಲಮಾರ್ ಮತ್ತು ಸಂಗೀತಗಾರ ಜಾರ್ಜ್ ಆಂಥೈಲ್ ಟಾರ್ಪಿಡೊ ನಿಯಂತ್ರಣಕ್ಕಾಗಿ ಇಂಥದೊಂದು ವಿಧಾನಕ್ಕೆ ಅಮೆರಿಕದಲ್ಲಿ ಪೇಟೆಂಟ್ ಪಡೆದಿದ್ದರು. ಕರ್ನಾಟಕಕ್ಕೂ ಈ ತಂತ್ರದೊಂದಿಗೆ ನೇರ ನಂಟಿದೆ. 1954ರಲ್ಲಿ ಸ್ಥಾಪನೆಯಾದ, ಜಾಲಹಳ್ಳಿಯಲ್ಲಿ ಕಾರ್ಖಾನೆಯಿರುವ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) ಭಾರತೀಯ ಸೇನೆಗಾಗಿ ಸ್ಟಾರ್ಸ್-ವಿ ಸರಣಿಯ ಹಾಪಿಂಗ್ ರೇಡಿಯೊಗಳನ್ನು ತಯಾರಿಸಿದೆ. ಇಂಥ ಸಾಧನ ದೇಶದಲ್ಲೇ ತಯಾರಾಗುವುದು ದೊಡ್ಡ ಬಲ. ಒಳಗಿನ ಗುಟ್ಟು ಪರದೇಶದ ಕೈಯಲ್ಲಿ ಉಳಿಯುವುದಿಲ್ಲ.

ಜಿಗಿತದಿಂದ ಮಾತು ಗುಪ್ತವಾಗುತ್ತದೆ ಎಂದುಕೊಳ್ಳುವುದು ಮಾತ್ರ ತಪ್ಪು. ಗೂಢಲಿಪೀಕರಣ ಪ್ರತ್ಯೇಕವಾಗಿ ಇರಲೇಬೇಕು. ಕೀಲಿ ತುಂಬಿದ ಸೆಟ್ಟು ಶತ್ರುವಿನ ಕೈಸೇರಿದರೆ ಜಿಗಿತದ ಜಾಡೂ ಸಿಕ್ಕಿಬಿಡುತ್ತದೆ. ಅದಕ್ಕೇ ಸೇನೆಗಳು ಕೀಲಿಗಳನ್ನು ಆಗಾಗ ಬದಲಿಸುತ್ತವೆ.